ಒಂದು ಕೊಡ ಸಿಹಿನೀರು

ಮಗಳ ಹತ್ತನೆಯ ತರಗತಿಯ ಪರೀಕ್ಷೆ ಮುಗಿದಿತ್ತು. ರಜೆಗೆ ಎಲ್ಲಿಗಾದರೂ ಹೋಗಬೇಕೆಂಬ ಮಾತು ಮನೆಯಲ್ಲಿ ಎದ್ದಾಗ ಅವಳು ಒಂದೇ ಒಂದು ಷರತ್ತು ಹಾಕಿದಳು: ಹೋದ ಊರಿಗೆ ನಮ್ಮಿಂದ ತೊಂದರೆಯಾಗಬಾರದು. ಶಾಲೆಯ ಪರಿಸರ ಸಂಘದಲ್ಲಿ ಓಡಾಡಿಕೊಂಡಿದ್ದವಳು, ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡುವ ಅಪ್ಪನಿಗೂ ವಿಚಾರ ಹಿಡಿಸಿತು. ಕಾರಿನ ಬದಲು ರೈಲು, ಹೋಟೆಲಿನ ಬದಲು ಊರಿನವರದೇ ಮನೆ ಎಂದು ತೀರ್ಮಾನವಾಯಿತು. ಅಮ್ಮ ನಾಲ್ಕು ಸ್ಟೀಲಿನ ಬಾಟಲಿ, ಬಟ್ಟೆಯ ಚೀಲ, ಚಕ್ಕುಲಿ ಕೋಡುಬಳೆಯ ಡಬ್ಬಿಗಳನ್ನು ಜೋಡಿಸಿದಳು. ಏಳನೆಯ ತರಗತಿಯ ತಮ್ಮ ಕ್ರಿಕೆಟ್ ಬ್ಯಾಟು ತೆಗೆದುಕೊಂಡ. ಹೀಗೆ ಮೇ ತಿಂಗಳ ಮೊದಲ ವಾರದಲ್ಲಿ ಆ ಕುಟುಂಬ ಬೆಂಗಳೂರಿನಿಂದ ಗೋಕರ್ಣಕ್ಕೆ ಹೊರಟಿತು.

ಗೋಕರ್ಣ ರೋಡ್ ನಿಲ್ದಾಣದಲ್ಲಿ ಇಳಿದು ಬಸ್ಸು ಹಿಡಿದು ಪೇಟೆ ಸೇರುವಷ್ಟರಲ್ಲೇ ಊರಿನ ನಡಿಗೆ ಗೊತ್ತಾಗಿತ್ತು. ಇಲ್ಲಿ ಯಾರಿಗೂ ಅವಸರವಿಲ್ಲ. ರಥಬೀದಿಯ ಎರಡೂ ಬದಿ ಹಳೆಯ ಹೆಂಚಿನ ಮನೆಗಳು, ಅವುಗಳ ಜಗಲಿಯಲ್ಲಿ ಹೂವು, ಪೂಜಾಸಾಮಾನಿನ ಅಂಗಡಿಗಳು. ಮಹಾಬಲೇಶ್ವರನ ದರ್ಶನಕ್ಕೆ ಬಂದವರೂ ಬೆನ್ನಿಗೆ ದೊಡ್ಡ ಚೀಲ ಕಟ್ಟಿಕೊಂಡ ಪರದೇಶದವರೂ ಒಂದೇ ಬೀದಿಯಲ್ಲಿ ಹಸುಗಳಿಗೆ ದಾರಿ ಬಿಟ್ಟು ನಡೆಯುತ್ತಾರೆ. ಮಧ್ಯಾಹ್ನವಾಯಿತೆಂದರೆ ಊರು ಒಂದು ನಿದ್ದೆ ತೆಗೆಯುತ್ತದೆ.

ಉಳಿದುಕೊಂಡ ಮನೆ ಕಡಲಿಗೆ ಇಳಿಯುವ ದಾರಿಯ ಪಕ್ಕದಲ್ಲಿ, ತೆಂಗಿನ ತೋಟದ ನಡುವೆ ಇತ್ತು. ಮನೆಯೊಡತಿ, ಅವಳ ಗಂಡ, ಎಂಬತ್ತು ದಾಟಿದ ಅತ್ತೆ. ಅತಿಥಿಗಳಿಗೆಂದು ಹಿತ್ತಿಲ ಕಡೆ ಎರಡು ಕೋಣೆ ಹೊಸದಾಗಿ ಕಟ್ಟಿಸಿ, ಸ್ನಾನದ ಮನೆಗೆ ಶವರ್ ಹಾಕಿಸಿದ್ದರು. ಅಂಗಳದಲ್ಲಿ ಕೆಂಪುಕಲ್ಲಿನ ಕಟ್ಟೆಯ ಬಾವಿ. ಮನೆಯವರು ಹಗ್ಗ, ರಾಟೆ, ಕೊಡದಿಂದ ನೀರು ಸೇದುತ್ತಿದ್ದರು, ಅತಿಥಿಗಳಿಗೆ ಪಂಪು.

ಮೊದಲ ಮೂರು ದಿನ ಸುಖವೋ ಸುಖ. ಬೆಳಗ್ಗೆ ಕುಡ್ಲೆ ತೀರ, ಅಲ್ಲಿಂದ ಕೆಂಪುಕಲ್ಲಿನ ಗುಡ್ಡ ಹತ್ತಿಳಿದರೆ ಓಂ ಬೀಚು. ಮೇಲೆ ನಿಂತು ನೋಡಿದರೆ ಎರಡು ಅರ್ಧಚಂದ್ರಗಳನ್ನು ಜೋಡಿಸಿ ಓಂಕಾರ ಬರೆದಂತೆ ದಂಡೆ ಕಾಣುತ್ತದೆ. ಮನೆಗೆ ಮರಳಿ ಮೈಗಂಟಿದ ಮರಳು, ಉಪ್ಪು ಹೋಗುವಂತೆ ಸ್ನಾನ. ಮುರುಗಲ ಹಣ್ಣಿನ ಪಾನಕ, ಅಪ್ಪೆಹುಳಿಯ ಊಟ. ಸಂಜೆ ಮತ್ತೆ ಕಡಲು, ಮತ್ತೆ ಸ್ನಾನ. ರಾತ್ರಿ ಅಪ್ಪ ಡೈರಿಯಲ್ಲಿ ಲೆಕ್ಕ ಬರೆಯುತ್ತಿದ್ದ: ಪ್ಲಾಸ್ಟಿಕ್ ಬಾಟಲಿ ಸೊನ್ನೆ, ಚೀಲ ಸೊನ್ನೆ, ಪೆಟ್ರೋಲು ಸೊನ್ನೆ. ಬ್ಯಾಂಕಿನವನಿಗೆ ಲೆಕ್ಕ ಸರಿಹೊಂದಿದರೆ ಆಗುವ ಸಂತೋಷವೇ ಬೇರೆ.

ನಾಲ್ಕನೆಯ ದಿನ ಸಾಣಿಕಟ್ಟೆಯ ಉಪ್ಪಿನ ಆಗರ ನೋಡಲು ಹೋದರು. ಉಬ್ಬರದಲ್ಲಿ ಏರಿ ಬರುವ ನೀರನ್ನು ಕಾಲುವೆಯಿಂದ ಒಳಗೆ ಬಿಟ್ಟುಕೊಂಡು, ಪಾತಿಯಿಂದ ಪಾತಿಗೆ ಹರಿಸಿ, ಬಿಸಿಲಿಗೆ ಆರಿಸಿ ಉಪ್ಪು ಬಾಚುತ್ತಾರೆ. ಮೊದಲ ದೊಡ್ಡ ಮಳೆ ಬಿತ್ತೆಂದರೆ ಆ ವರ್ಷದ ಕೆಲಸ ಮುಗಿದಂತೆ. ಅಲ್ಲೇ ಹತ್ತಿರ ಅಘನಾಶಿನಿಯ ಅಳಿವೆ. ಶಿರಸಿಯ ಕಡೆ ಹುಟ್ಟಿ, ಎಲ್ಲಿಯೂ ಅಣೆಕಟ್ಟೆಗೆ ಸಿಕ್ಕಿಕೊಳ್ಳದೆ ಕಡಲು ಸೇರುವ ನದಿ ಇದು. 2024ರಲ್ಲಿ ಈ ಅಳಿವೆ ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಇಳಿತದ ಹೊತ್ತಿಗೆ ಹೆಂಗಸರು ಮಂಡಿಯುದ್ದ ಕೆಸರಿನಲ್ಲಿ ನಿಂತು ಬಳಚು ಆರಿಸುತ್ತಿದ್ದರು. ಗಜನಿ ಗದ್ದೆಗಳಲ್ಲಿ, ಮಳೆ ಉಪ್ಪನ್ನು ತೊಳೆದ ಮೇಲೆ ಕಗ್ಗ ಎಂಬ ಭತ್ತ ಬಿತ್ತುತ್ತಾರೆಂದು ಆಗರದ ಕೆಲಸದವರೊಬ್ಬರು ಹೇಳಿದರು. ಉಪ್ಪುನೀರನ್ನು ತಕ್ಕಮಟ್ಟಿಗೆ ತಡೆದುಕೊಳ್ಳುವ ತಳಿ ಅದು.

"ಇಲ್ಲಿಯವರಿಗೆ ಉಪ್ಪುನೀರಿನಿಂದಲೇ ಅನ್ನ," ಎಂದು ಅಮ್ಮ ಬೆರಗಾದಳು.

ಮರುದಿನ ಬೆಳಗ್ಗೆ ಮನೆಯೊಡತಿ ತಂದಿಟ್ಟ ಚಹಾ ಕುಡಿದು ತಮ್ಮ ಮುಖ ಕಿವುಚಿದ. "ಸಕ್ಕರೆ ಬದಲು ಉಪ್ಪು ಹಾಕಿದ್ದಾರೆ!" ಉಳಿದವರೂ ಕುಡಿದು ನೋಡಿದರು. ಸಕ್ಕರೆ ಇತ್ತು, ಅದರ ಹಿಂದೆ ಸಣ್ಣಗೆ ಉಪ್ಪೂ ಇತ್ತು. ಮನೆಯೊಡತಿಯ ಮುಖ ಸಪ್ಪಗಾಯಿತು. ಏನೂ ಹೇಳದೆ ಲೋಟಗಳನ್ನು ಒಳಗೆ ಒಯ್ದಳು. ಸ್ವಲ್ಪ ಹೊತ್ತಿಗೆ ಎರಡು ಕೊಡ ಹಿಡಿದು ಗುಡ್ಡದ ಬುಡದ ಇನ್ನೊಂದು ಮನೆಯ ಕಡೆ ಹೊರಟಳು.

ಮಗಳು ಬಾವಿಕಟ್ಟೆಯ ಮೇಲೆ ಕೂತಿದ್ದ ಅಜ್ಜಿಯನ್ನು ಕೇಳಿದಳು.

"ಇಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ಕೂತಿರ್ತದೆ ತಂಗೀ, ಹಾಲಿನ ಮೇಲೆ ಕೆನೆ ಇದ್ದ ಹಾಗೆ," ಎಂದಳು ಅಜ್ಜಿ. "ಕೊಡದಲ್ಲಿ ಸೇದಿದ್ರೆ ಕೆನೆ ಮಾತ್ರ ಬರ್ತದೆ. ಪಂಪು ಹಾಕಿ ಎಳೆದ್ರೆ ಅಡಿಯದೂ ಬರ್ತದೆ. ಇನ್ನು ಮಳೆ ಬೀಳೋವರೆಗೆ ಹೀಗೇ."

"ನಮಗೆ ಮೊದಲೇ ಹೇಳಬಾರದಿತ್ತಾ ಅಜ್ಜಿ?"

"ಮನೆಗೆ ಬಂದವರಿಗೆ ನೀರು ಕಡಿಮೆ ಬಳಸಿ ಅಂತ ಹೇಳೂದು ಹೇಗೆ? ನಿಮ್ಮೊಬ್ಬರಿಂದ ಆದದ್ದೂ ಅಲ್ಲ. ಸುತ್ತ ಎಲ್ಲ ಕಡೆ ಪಂಪು ಇದೆ."

ಅಜ್ಜಿಯ ಕೆನೆಯ ಮಾತು ವಿಜ್ಞಾನಕ್ಕೂ ಸರಿಯಾಗಿಯೇ ಇದೆ. ಕಡಲ ನೀರು ಸಿಹಿನೀರಿಗಿಂತ ನೂರಕ್ಕೆ ಎರಡೂವರೆ ಪಾಲು ಹೆಚ್ಚು ತೂಕದ್ದು. ಹಾಗಾಗಿ ದಂಡೆಯ ಮರಳಿನೊಳಗೆ ಮಳೆಯ ನೀರು ಅದರ ಮೇಲೆ ತೇಲಿಕೊಂಡಿರುತ್ತದೆ. ಡಚ್ ಎಂಜಿನಿಯರ್ ಗೈಬೆನ್, ಅವನ ನಂತರ ಜರ್ಮನಿಯ ಹರ್ಜ್‌ಬರ್ಗ್ ಲೆಕ್ಕ ಹಾಕಿ ತೋರಿಸಿದಂತೆ, ಸಮುದ್ರಮಟ್ಟದಿಂದ ಮೇಲೆ ಒಂದು ಅಡಿ ಸಿಹಿನೀರಿದ್ದರೆ ಕೆಳಗೆ ಸುಮಾರು 40 ಅಡಿ ಇರುತ್ತದೆ. ತಿರುಗಿಸಿ ಹೇಳಿದರೆ, ಅಂತರ್ಜಲದ ಮಟ್ಟ ಒಂದು ಅಡಿ ಇಳಿದು ಹಾಗೆಯೇ ನಿಂತರೆ ಉಪ್ಪುನೀರು ಕ್ರಮೇಣ 40 ಅಡಿ ಮೇಲೇರಬಲ್ಲದು. ಕರಾವಳಿಯಲ್ಲಿ ವರ್ಷಕ್ಕೆ 3 ಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ ನಿಜ. ಆದರೆ ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಪ್ರವಾಸಿಗರು ತುಂಬುವ ಮೇ ತಿಂಗಳಲ್ಲಿ ಬಾವಿಗಳು ತಳ ಕಾಣುತ್ತಿರುತ್ತವೆ.

ಮಗಳು ಅಪ್ಪನ ಡೈರಿ ತೆಗೆದು ಇನ್ನೊಂದು ಲೆಕ್ಕ ಬರೆದಳು. ಶವರಿನಿಂದ ನಿಮಿಷಕ್ಕೆ ಸುಮಾರು 10 ಲೀಟರ್ ನೀರು. ನಾಲ್ಕು ಜನ, ದಿನಕ್ಕೆ ಎರಡು ಸ್ನಾನ, ಒಂದೊಂದಕ್ಕೆ 8 ನಿಮಿಷ: 640 ಲೀಟರ್. 15 ಲೀಟರಿನ ಕೊಡದಲ್ಲಿ ನಲವತ್ತೆರಡು ಕೊಡಕ್ಕೂ ಹೆಚ್ಚು. "ಇದನ್ನು ಯಾಕೆ ಬರೆದಿಲ್ಲ ಅಪ್ಪಾ?"

ಅಪ್ಪನಿಗೆ ಸಿಟ್ಟು ಬಂತು. "ಬಾಡಿಗೆ ಕೊಟ್ಟಿದ್ದೇವಲ್ಲ," ಎಂದ ಮೆಲ್ಲಗೆ.

"ಬಾಡಿಗೆ ಕೊಟ್ಟಿದ್ದು ಕೋಣೆಗೆ ಅಪ್ಪಾ, ಬಾವಿಗಲ್ಲ."

ಅಮ್ಮ ಯಾರ ಪರವೂ ಮಾತಾಡಲಿಲ್ಲ. ತುಸು ಹೊತ್ತಿನಲ್ಲಿ ಅಪ್ಪ ಎದ್ದು ಪಂಪಿನ ಸ್ವಿಚ್ಚು ಆರಿಸಿದ. ಮನೆಯೊಡತಿ ಎದುರಿಗೆ ಬರುತ್ತಿರುವುದನ್ನು ಕಂಡು ದಾರಿಯಲ್ಲೇ ಅವಳ ಕೈಯಿಂದ ಒಂದು ಕೊಡ ಇಸಿದುಕೊಂಡ. "ಬೇಡ ಬೇಡ, ನೀವು ಹೊರೂದೆಂತಕ್ಕೆ?" ಎಂದು ಅವಳು ಸಂಕೋಚಪಟ್ಟರೂ ಬಿಡಲಿಲ್ಲ. ರೂಢಿಯಿಲ್ಲದ ಹೆಗಲು, ಅಂಗಳ ಮುಟ್ಟುವಷ್ಟರಲ್ಲಿ ಅಂಗಿ ನೆನೆದಿತ್ತು, ಕಾಲು ಕೊಡ ನೀರು ದಾರಿಗೆ ಚೆಲ್ಲಿತ್ತು. ಅಜ್ಜಿ ಬಾಯ್ತುಂಬ ನಕ್ಕಳು.

ಉಳಿದ ಎರಡು ದಿನ ತಲೆಗೆ ಒಂದೇ ಬಕೆಟ್ಟು, ಅದೂ ಸಂಜೆಗೊಮ್ಮೆ. ಮೈಯ ಮರಳನ್ನು ಕಡಲಲ್ಲೇ ತೊಳೆದು, ಒಣ ಟವೆಲಿನಿಂದ ಕೊಡವಿಕೊಂಡು ಬರುವುದು. ಪಾತ್ರೆ ತೊಳೆದ ನೀರನ್ನು ತಮ್ಮ ತೆಂಗಿನ ಬುಡಕ್ಕೆ ಹಾಕುತ್ತಿದ್ದ. ಹೊರಡುವ ದಿನ ಮಗಳು ಬಾವಿಯಿಂದ ಒಂದು ಕೊಡ ಸೇದಿ, ಒಂದು ಗುಟುಕು ಕುಡಿದು ನೋಡಿದಳು. ಉಪ್ಪು ಹಾಗೆಯೇ ಇತ್ತು. ಎರಡು ದಿನದ ಪಶ್ಚಾತ್ತಾಪಕ್ಕೆ ಬಾವಿ ಸಿಹಿಯಾಗುವುದಿಲ್ಲ.

ಬೆಂಗಳೂರಿಗೆ ಬಂದ ಮಾರನೆಯ ಬೆಳಗ್ಗೆ ಅಪ್ಪ ಸ್ನಾನದ ಮನೆಯಲ್ಲಿ ಶವರ್ ತಿರುಗಿಸಿದ. ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪುಗಳು ಎತ್ತಿ ತಂದ ಕಾವೇರಿ ನೀರು ಧಾರೆಯಾಗಿ ಸುರಿಯಿತು. ಒಂದು ಕ್ಷಣ ನಿಂತು, ಅದನ್ನು ನಿಲ್ಲಿಸಿ, "ಬಕೆಟ್ಟು ಎಲ್ಲಿದೆ?" ಎಂದು ಕೂಗಿ ಕೇಳಿದ.

ಜೂನ್ ಎರಡನೆಯ ವಾರ ಕರಾವಳಿಯಲ್ಲಿ ಮಳೆ ಹಿಡಿಯಿತೆಂಬ ಸುದ್ದಿ ಬಂದಾಗ ಮಗಳು ಗೋಕರ್ಣಕ್ಕೆ ಫೋನು ಮಾಡಿದಳು. ಆ ಕಡೆಯಿಂದ ಹೆಂಚಿನ ಮೇಲೆ ಸುರಿಯುವ ಸದ್ದಿನ ನಡುವೆ ಮನೆಯೊಡತಿಯ ದನಿ: "ಕೊಡದ ನೀರು ಕೇಳ್ತೀಯಾ ತಂಗೀ? ಇನ್ನೂ ಸ್ವಲ್ಪ ಉಪ್ಪಿದೆ. ಸಿಹಿಯಾಗ್ತದೆ, ಮಳೆ ಜೋರಿದೆ. ಮುಂದಿನ ವರ್ಷ ಬನ್ನಿ. ಶವರು ತೆಗೆಸ್ತಾ ಇದ್ದೇವೆ."