ಒಂದು ರೂಮು, ಒಂದು ಜಗುಲಿ ಮತ್ತು ಅಮ್ಮನ ಡೇರೆ ಗಿಡಗಳು

ಪುನರ್ವಸು ಮಳೆ ಹಿಡಿದ ಎರಡನೇ ದಿನ ಊರಿಗೆ ಹೋದೆ. ರಾತ್ರಿ ಬಸ್ಸು ಕೊಪ್ಪದಲ್ಲಿ ಇಳಿಸಿದಾಗ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಮನೆ ಮುಟ್ಟಿ, ಕಾಲಿಗೆ ನೀರು ಹಾಕಿಕೊಂಡು, ಅಮ್ಮ ಕೊಟ್ಟ ಕಾಫಿ ಲೋಟ ಹಿಡಿದು ಹೊಸ ಜಗುಲಿಯ ಕಟ್ಟೆ ಮೇಲೆ ಕೂತೆ ನೋಡಿ.. ಆಹಾ! ಹೆಂಚಿನ ಅಂಚಿಂದ ನೀರು ಸಾಲಾಗಿ ಬೀಳ್ತಾ ಇದೆ, ಬೆನ್ನಿಗೆ ಹೊಸ ಗೋಡೆ, ಕಾಲಡಿಗೆ ತಣ್ಣನೆಯ ಕೆಂಪು ನೆಲ. ಅಂಗಳದಾಚೆ ಅಡಿಕೆ ತೋಟ ಮಂಜಿನಲ್ಲಿ ಅರ್ಧ ಮಾತ್ರ ಕಾಣ್ತಿದೆ. ಬೆಂಗಳೂರಲ್ಲಿ ಮಳೆ ಬಂದರೆ ನನಗೆ ನೆನಪಾಗೋದು ಸಿಲ್ಕ್ ಬೋರ್ಡ್ ಸಿಗ್ನಲ್ಲು. ಇಲ್ಲಿ ಮಳೆ ಅಂದರೆ ಮಳೆ ಅಷ್ಟೇ.

ಈ ಜಗುಲಿ ಮತ್ತು ಅದರ ಹಿಂದಿನ ಹನ್ನೆರಡಡಿ ಹದಿನಾಲ್ಕಡಿಯ ರೂಮು ನಮ್ಮ ಮನೆಗೆ ಸೇರಿದ್ದು 2024ರ ಬೇಸಿಗೆಯಲ್ಲಿ. ಕಟ್ಟಿಸಿದ್ದು ನಾನು. ಅಂದರೆ ಇಎಂಐ ನಂದು, ಓಡಾಟ ಅಪ್ಪಂದು, ಕೆಲಸದವರಿಗೆ ಹತ್ತು ಗಂಟೆ ಚಾ, ಮಧ್ಯಾಹ್ನದ ಊಟ, ನಾಲ್ಕು ಗಂಟೆ ಚಾ ಅಮ್ಮಂದು.

ಇದಕ್ಕೆಲ್ಲ ಕಾರಣ 2020ರ ಮಾರ್ಚು. ಮನೆಯಿಂದಲೇ ಕೆಲಸ ಮಾಡಿ ಅಂತ ಆಫೀಸಿನವರು ಹೇಳಿದ್ದೇ ತಡ, ಎರಡು ಜೊತೆ ಬಟ್ಟೆ ತುಂಬಿಕೊಂಡು ಊರಿಗೆ ಬಂದುಬಿಟ್ಟಿದ್ದೆ. ಮೊಬೈಲಿಗೆ ಸಿಗ್ನಲ್ ಸಿಗ್ತಿದ್ದದ್ದು ಉಪ್ಪರಿಗೆಯ ಒಂದೇ ಒಂದು ಕಿಟಕಿಯಲ್ಲಿ. ಸುತ್ತ ಅಡಿಕೆ ಮೂಟೆ, ಮಧ್ಯದಲ್ಲಿ ನಾನು. ಕೆಳಗಿಂದ ಕುಕ್ಕರಿನ ಕೂಗು ಒಂದು ಕಡೆ, 'ತಮ್ಮಾ, ಊಟಕ್ಕೆ ಬಾರಾ, ಸಾರು ಆರ್ತದೆ' ಅನ್ನೋ ಅಜ್ಜಿಯ ಕೂಗು ಇನ್ನೊಂದು ಕಡೆ. ಅಮೆರಿಕದಲ್ಲಿದ್ದ ನಮ್ಮ ಕ್ಲೈಂಟಿಗೆ ಅಜ್ಜಿಯ ದನಿ ಎಷ್ಟು ಪರಿಚಯ ಆಗಿತ್ತು ಅಂದರೆ, ಒಂದು ದಿನ ಕೇಳಿಸದಿದ್ದರೆ ಅವಳು ಆರಾಮಿದಾಳಾ ಅಂತ ವಿಚಾರಿಸ್ತಿದ್ದ. ಆಮೇಲೆ ಕೇಬಲ್ಲಿನವರು ಅಡಿಕೆ ಮರದಿಂದ ಮರಕ್ಕೆ ಫೈಬರ್ ಎಳೆದು ಇಂಟರ್ನೆಟ್ ಕೊಟ್ಟರು. ಎರಡು ವರ್ಷ ಕಳೆಯಿತು, ಮೂರು ಕಳೆಯಿತು. ಇನ್ನು ಬೆಂಗಳೂರಿಗೆ ಹೋಗೋ ಪ್ರಮೇಯವೇ ಇಲ್ಲ ಅಂತ ತೀರ್ಮಾನ ಮಾಡಿ, ಸಾಲ ತೆಗೆದು, 2023ರ ಡಿಸೆಂಬರಿನಲ್ಲಿ ಪಾಯ ತೋಡಿಸಿದೆ.

ಮುಂದಿನದು ನೀವು ಊಹಿಸಿರ್ತೀರಿ. ಒಳಗೋಡೆಯ ಗಾರೆ ಕೆಲಸ ನಡೀತಿರುವಾಗ ಮೇಲ್ ಬಂತು. ವಾರಕ್ಕೆ ಮೂರು ದಿನ ಕಡ್ಡಾಯ ಆಫೀಸು! ಮೇಸ್ತ್ರಿಗೆ ಹೇಳಿದರೆ, 'ಹಂಗಾರೆ ಪ್ಲಗ್ ಪಾಯಿಂಟ್ ಕಡಿಮೆ ಮಾಡದಾ?' ಅಂತ ಕೇಳಿದ್ರು. ಮೇಜಿನ ಹತ್ರ ಆರು ಪಾಯಿಂಟ್ ಬೇಕು ಅಂತ ನಾನು ಅವರ ತಲೆ ತಿಂದಿದ್ದೆ.

ಮನೆ ಕಟ್ಟುವಾಗ ನನ್ನ ಇಂಜಿನಿಯರಿಂಗ್ ಡಿಗ್ರಿ ಯಾವ ಕೆಲಸಕ್ಕೂ ಬರಲಿಲ್ಲ ಅನ್ನೋದನ್ನೂ ಇಲ್ಲೇ ಒಪ್ಪಿಕೊಂಡುಬಿಡ್ತೀನಿ. 'ನೀ ಇಂಜಿನಿಯರ್ ಅಲ್ವನಾ, ಲಿಂಟಲ್ಲಿಗೆ ಎಷ್ಟು ಕಬ್ಬಿಣ ಬೇಕು ಹೇಳು' ಅಂತ ಅಪ್ಪ ಕೇಳಿದಾಗ, ಕಂಪ್ಯೂಟರಿಗೂ ಕಬ್ಬಿಣಕ್ಕೂ ಇರುವ ವ್ಯತ್ಯಾಸ ವಿವರಿಸೋಕೆ ಹೋಗಿ ಸೋತೆ. ಮೇಸ್ತ್ರಿ ಒಂದು ಪಾರದರ್ಶಕ ಪೈಪಿಗೆ ನೀರು ತುಂಬಿ, ಆಚೆ ತುದಿ ಒಬ್ಬ ಈಚೆ ತುದಿ ಒಬ್ಬ ಹಿಡಿದು ನಾಲ್ಕು ಮೂಲೆಯ ಮಟ್ಟ ನೋಡೋದನ್ನ ಬಾಯಿ ಬಿಟ್ಟುಕೊಂಡು ನೋಡಿದೆ. ನಾನು ಆರ್‌ಸಿಸಿ ಮಾಡಿಸೋಣ ಅಂದೆ. ಅಪ್ಪ ಹೆಂಚೇ ಅಂದ. ಹೆಂಚೇ ಆಯ್ತು. ಪಕ್ಕದೂರಲ್ಲಿ ಹಳೇ ಮನೆಯೊಂದನ್ನ ಬಿಚ್ಚುತ್ತಿದ್ದರು, ಅಲ್ಲಿಂದ ಹೆಂಚು, ಪಕಾಸಿ ಎಲ್ಲ ಬಂತು. ಹೆಂಚು ತೊಳೆಯುವಾಗ ಬೆನ್ನ ಮೇಲೆ ಮಂಗಳೂರಿನ ಕಾರ್ಖಾನೆಯ ಅಚ್ಚು ಕಂಡಿತು. ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಆಮೇಲೆ ಅಂಥವು ಎಷ್ಟೋ ಹುಟ್ಟಿಕೊಂಡು ನಮ್ಮ ಮಲೆನಾಡಿನ ಮನೆಗಳ ತಲೆ ಕಾದವು. ಹೊಸ ರೂಮಿಗೆ ನನಗಿಂತ ವಯಸ್ಸಾದ ಸೂರು!

ನೆಲಕ್ಕೂ ಹಾಗೇ. ನಾನು ಬಿಳೀ ಟೈಲ್ಸ್ ನೋಡಿಟ್ಟಿದ್ದೆ. 'ಮಳೆಗಾಲದಲ್ಲಿ ಅಜ್ಜಿ ಜಾರಿ ಬಿದ್ರೆ ನೀವು ಬರ್ತೀರಾ ಎತ್ತಕೆ?' ಅಂದ್ರು ಮೇಸ್ತ್ರಿ. ಸಿಮೆಂಟಿಗೆ ಕೆಂಪು ಆಕ್ಸೈಡ್ ಬೆರೆಸಿ ತಿಕ್ಕಿ ತಿಕ್ಕಿ ಮಾಡಿದ ನೆಲ ಬಂತು. ಇವತ್ತು ಅದರ ಮೇಲೆ ಕಾಲಿಟ್ಟರೆ ಏಳೋಕೇ ಮನಸ್ಸಾಗಲ್ಲ. ನಾನು ಹಟ ಹಿಡಿದು ಗೆದ್ದದ್ದು ಒಂದೇ ವಿಷಯದಲ್ಲಿ, ರೂಮು ಎಲ್ಲಿ ಬರಬೇಕು ಅನ್ನೋದರಲ್ಲಿ. ಅದನ್ನ ಹೇಳೋಕೇ ಇಷ್ಟೆಲ್ಲ ಪೀಠಿಕೆ.

ಮನೆಯ ಮೂಡಗಡೆ ಅಮ್ಮನ ಹೂವಿನ ಗಿಡಗಳಿದ್ದವು. ಮುಖ್ಯವಾಗಿ ಡೇರೆ. ಮಲೆನಾಡಿನವರಿಗೆ ಹೇಳಬೇಕಿಲ್ಲ, ಉಳಿದವರಿಗೆ: ಡೇರೆ ಅಂದರೆ ಡಾಲಿಯಾ. ಅದು ಮೆಕ್ಸಿಕೋ ಕಡೆಯ ಗಿಡ, 1963ರಿಂದ ಅಲ್ಲಿಯ ರಾಷ್ಟ್ರೀಯ ಹೂವು. ಹೆಸರು ಬಂದದ್ದು ಆಂಡರ್ಸ್ ಡಾಲ್ ಅನ್ನೋ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞನಿಂದ. ಇಷ್ಟನ್ನ ಒಮ್ಮೆ ಅಮ್ಮನಿಗೆ ಹೇಳಿದ್ದಕ್ಕೆ, 'ಇಲ್ಲ, ಇದು ನನ್ನ ತವರುಮನೆಯಿಂದ ಬಂದಿದ್ದು' ಅಂದಿದ್ದಳು. ಅವಳ ಹತ್ರ ಹದಿನಾಲ್ಕು ಬಣ್ಣ ಇತ್ತು. ಹಳದಿಯದು ತವರಿನದು, ಬಿಳಿಗೆ ನೇರಳೆ ಅಂಚಿನದು ಶೃಂಗೇರಿ ಅತ್ತೆ ಕೊಟ್ಟದ್ದು, ಕಪ್ಪಿಗೆ ಹತ್ತಿರದ ಕಡುಕೆಂಪಿನದು ಯಾವುದೋ ಮದುವೆಗೆ ಹೋದಾಗ ಆ ಮನೆ ಹಿತ್ತಲಿಂದ ಕದ್ದದ್ದು. (ಕದ್ದ ಗಿಡ ಚೆನ್ನಾಗಿ ಬರುತ್ತೆ ಅಂತ ಶಾಸ್ತ್ರವೇ ಇದೆ ನಮ್ಮಲ್ಲಿ. ನಿಮ್ಮನೇಲೂ ಇರಬೇಕು.) ಮಳೆಗಾಲಕ್ಕೆ ಮುಂಚೆ ಗಡ್ಡೆ ಊರಿದರೆ ಶ್ರಾವಣದ ಹೊತ್ತಿಗೆ ಅಂಗೈಯಗಲದ ಹೂವು. ಮಳೆ ಹೊಡೆತಕ್ಕೆ ಬಗ್ಗದ ಹಾಗೆ ಒಂದೊಂದಕ್ಕೂ ಊರುಗೋಲು. ಗಿಡ ಒಣಗಿದ ಮೇಲೆ ಗಡ್ಡೆ ಕಿತ್ತು, ಬೂದಿ ಮರಳಿನಲ್ಲಿ ಹುಗಿದು ಒಣ ಜಾಗದಲ್ಲಿಡೋದು.

ಪಾಯದ ಗುರುತಿಗೆ ಗೂಟ ಹೊಡೆದು ದಾರ ಕಟ್ಟಿದ ದಿನ ಆ ದಾರ ಅಮ್ಮನ ಪಾತಿಯ ನಟ್ಟನಡುವೆ ಹೋಗಿತ್ತು. ಅಮ್ಮ ಸೆರಗಿಗೆ ಕೈ ಒರೆಸಿಕೊಳ್ತಾ ಬಂದು ನೋಡಿದಳು. 'ಎರಡು ಹೆಜ್ಜೆ ಕೊಟ್ಟಿಗೆ ಬದಿಗೆ ತಗಂಡ್ರೆ ಆಗಲ್ವನಾ?' ಅಂದಳು. ನಾನು ಲ್ಯಾಪ್‌ಟಾಪಿನಲ್ಲಿ ಪ್ಲಾನ್ ತೆಗೆದು ತೋರಿಸಿ, ಹಾಗೆ ಮಾಡಿದರೆ ಕಿಟಕಿ ಕೊಟ್ಟಿಗೆಗೆ ಎದುರಾಗುತ್ತೆ ಅಂದೆ. 'ಆದರೆ ಎಂತಾಯ್ತು?' ಅಂದಳು. ಮೀಟಿಂಗಿನಲ್ಲಿ ನನ್ನ ಹಿಂದೆ ದನ ಕಾಣುತ್ತೆ ಅಂದೆ. ಅಮ್ಮ ನಕ್ಕು ಒಳಗೆ ಹೋದಳು. ನಾನೂ ನಕ್ಕೆ. ಮಾತು ಅಲ್ಲಿಗೇ ಮುಗಿದುಹೋಯ್ತು. ಮರುದಿನ ಬೆಳಿಗ್ಗೆ ನಾನೇಳುವಷ್ಟರಲ್ಲಿ ಪಾತಿ ಖಾಲಿ. ಗಡ್ಡೆಗಳನ್ನೆಲ್ಲ ಕಿತ್ತು ಒಂದು ಚೀಲಕ್ಕೆ ತುಂಬಿ ಕೊಟ್ಟಿಗೆ ಅಟ್ಟಕ್ಕೆ ಹಾಕಿದ್ದಳು.

ನಾನು ಬೆಂಗಳೂರಿಗೆ ವಾಪಸಾದೆ. ಆ ಮಳೆಗಾಲದಲ್ಲಿ ಎರಡು ಸಲ ಬಂದಿದ್ದೆ. ಹಳೇ ಮಾಡು, ಹೊಸ ಮಾಡು ಸೇರುವ ಮೂಲೆ ಸೋರುತ್ತಿತ್ತು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಇಂಟಿಗ್ರೇಶನ್ ಬಗ್. ಅಪ್ಪ ಅಲ್ಲಿ ತಗಡು ಬದಲಾಯಿಸಿದ. ಪಾಯದಿಂದ ತೆಗೆದ ಮಣ್ಣನ್ನ ಜಗುಲಿ ಮುಂದೆ ಹರಡಿದ್ದರು, ಅದರಲ್ಲಿ ಹುಲ್ಲೂ ಸರಿಯಾಗಿ ಹುಟ್ಟಿರಲಿಲ್ಲ. ಕೆಳಗಿನ ಮಣ್ಣು ಮೇಲೆ ಬಂದರೆ ಹಾಗೇ ತಾನೆ. ಡೇರೆ ಎಲ್ಲಿ ಅಂತ ನಾನು ಕೇಳಲೇ ಇಲ್ಲ. ಸೋರುವ ಮೂಲೆಯ ಫೋಟೋ ಮಾತ್ರ ಆರು ತೆಗೆದಿದ್ದೆ.

ಈ ಸಲ ಜಗುಲಿಯಲ್ಲಿ ಕೂತವನಿಗೆ ಮೊದಲು ಕಣ್ಣಿಗೆ ಬಿದ್ದದ್ದು ಗುಲಾಬಿ ಬಣ್ಣದ ಹೈಡ್ರೇಂಜಿಯ. ಅಮ್ಮ ಅದಕ್ಕೆ ಗೊಂಚಲು ಹೂವು ಅಂತಾಳೆ. ನನಗೆ ಬುದ್ಧಿ ತಿಳಿದಾಗಿಂದ ನಮ್ಮನೇಲಿ ಅದು ನೀಲಿ.

'ಬುಡ ಕಿತ್ತು ಗೋಡೆ ಹತ್ರ ನೆಟ್ಟಿದ್ದೆ ಕಣಾ, ಯಾರೋ ಬದಲಾಯಿಸಿಟ್ಟಿದಾರೆ' ಅಂದಳು ಅಮ್ಮ. ಯಾರ ಮೇಲೆ ಅನುಮಾನ ಅನ್ನೋದನ್ನೂ ದನಿ ತಗ್ಗಿಸಿ ಹೇಳಿದಳು. ಅದು ಬೇಡ ಬಿಡಿ.

ಅಂತೂ ನನಗೆ ಗೊತ್ತಿರೋ ಒಂದು ವಿಷಯ ಸಿಕ್ಕಿತು! ಮಲೆನಾಡಿನ ಮಣ್ಣು ಹುಳಿ ಮಣ್ಣು. ಹುಳಿ ಇದ್ದಾಗ ಮಣ್ಣಿನ ಅಲ್ಯೂಮಿನಿಯಂ ಕರಗಿ ಗಿಡಕ್ಕೆ ಸಿಗುತ್ತೆ, ಹೂವು ನೀಲಿಯಾಗುತ್ತೆ. ಗೋಡೆಬುಡದಲ್ಲಿ ಗಾರೆ ಬಿದ್ದು, ಸಿಮೆಂಟಿನ ಸುಣ್ಣ ಸೇರಿ ಅಲ್ಲಿಯ ಹುಳಿ ಹೋಗಿದೆ, ಅಲ್ಯೂಮಿನಿಯಂ ಸಿಗಲ್ಲ, ಹೂವು ಗುಲಾಬಿ. ಗಿಡ ಅದೇ. ಇಷ್ಟನ್ನೂ ವಿವರಿಸಿದೆ. ಅಮ್ಮ ಪೂರ್ತಿ ಕೇಳಿದಳು. 'ಅಂದ್ರೆ ಅದಕ್ಕೂ ಸಿಮೆಂಟು ತಿನ್ನಿಸಿದ್ಯಾ ನೀನು' ಅಂದಳು.

ಅವತ್ತು ಮಧ್ಯಾಹ್ನ ಊಟ ಆದ ಮೇಲೆ ಮಳೆ ಸ್ವಲ್ಪ ಹೊಳವಾಯ್ತು. ಅಜ್ಜಿ ರೂಮಿನಲ್ಲಿ, ಅಂದರೆ 'ನನ್ನ' ರೂಮಿನಲ್ಲಿ ಮಲಗಿದ್ದಳು. ಮೊದಲಾದರೆ ರಾತ್ರಿ ಹೊತ್ತು ಟಾರ್ಚು ಹಿಡಿದು ಅಂಗಳ ದಾಟಿ ಬಚ್ಚಲುಮನೆಗೆ ಹೋಗಬೇಕಿತ್ತು. ಈಗ ಮಂಚದಿಂದ ಐದು ಹೆಜ್ಜೆ. ಆ ಬಚ್ಚಲು ನಾನು ನನಗೆ ಅಂತ ಮಾಡಿಸಿಕೊಂಡದ್ದು, ನನ್ನ ಪ್ಲಾನಿನಲ್ಲಿ ಅಜ್ಜಿ ಎಲ್ಲೂ ಇರಲಿಲ್ಲ. ಆರು ಪ್ಲಗ್ ಪಾಯಿಂಟಿನ ಪೈಕಿ ಒಂದರಲ್ಲಿ ಅಪ್ಪನ ರೇಡಿಯೋ, ಇನ್ನೊಂದರಲ್ಲಿ ಸೊಳ್ಳೆ ಬತ್ತಿಯ ಯಂತ್ರ. ಮೇಜಿನ ಮೇಲೆ ಬೆಂಡೆ, ಹೀರೆ ಬೀಜದ ಪೊಟ್ಟಣಗಳು. ಕಿಟಕಿ ಅಂಗಳದ ಕಡೆಗೇ ಇದೆ, ದನ ಕಾಣಲ್ಲ.

ಜಗುಲಿ ಮುಂದಿನ ಹೊಸ ಪಾತಿಯಲ್ಲಿ ಡೇರೆ ಮೊಗ್ಗು ಬಿಟ್ಟಿತ್ತು, ಎರಡು ಗಿಡ ಅರಳಿಯೂ ಇತ್ತು. ಅಪ್ಪ ತೋಟದಿಂದ ಮೇಲ್ಮಣ್ಣು ಹೊತ್ತು ಹಾಕಿದ್ದಾನೆ, ಅಮ್ಮ ಗೊಬ್ಬರ ದರಗು ಸೇರಿಸಿದ್ದಾಳೆ. ಎಣಿಸಿದೆ. ಬಣ್ಣದ ಗುರುತಿಗೆ ಊರುಗೋಲಿಗೆ ಬಟ್ಟೆ ಚೂರು ಕಟ್ಟಿದ್ದಳು, ಹನ್ನೊಂದು ಥರದ್ದು.

'ಹದಿನಾಲ್ಕಿತ್ತಲ್ಲ?'

ಆಗ ಗೊತ್ತಾಯಿತು. ಕೆಲಸ ನಡೆಯುವಾಗ ಸಿಮೆಂಟು ಮೂಟೆ ಒಣಗಿರಬೇಕು ಅಂತ ಕೊಟ್ಟಿಗೆ ಅಟ್ಟದಲ್ಲಿ ಇಟ್ಟಿದ್ದರು. ಇಡಿಸಿದ್ದು ನಾನೇ, ಫೋನಿನಲ್ಲಿ. ಗಡ್ಡೆಯ ಚೀಲವನ್ನ ಯಾರೋ ಕೆಳಗಿಳಿಸಿ ಗಂಜಲ ಹರಿಯುವ ಮೂಲೆಗೆ ತಳ್ಳಿದ್ದರು. ಅಮ್ಮ ನೋಡುವ ಹೊತ್ತಿಗೆ ಮುಕ್ಕಾಲು ಕೊಳೆತಿತ್ತು. ಐದು ಬಣ್ಣ ಉಳಿಯಿತಂತೆ.

'ಮತ್ತೆ ಈ ಆರು?'

'ನಾ ಕೊಟ್ಟವ್ರ ಮನೇಲೆಲ್ಲ ಇತ್ತಲ. ಒಂದೊಂದು ಇಸ್ಕಂಡು ಬಂದೆ.'

ನಮ್ಮಲ್ಲಿ ಇದನ್ನ ಡಿಸ್ಟ್ರಿಬ್ಯೂಟೆಡ್ ಬ್ಯಾಕಪ್ ಅಂತಾರೆ, ಅದಕ್ಕೆ ತಿಂಗಳಿಗಿಷ್ಟು ಅಂತ ದುಡ್ಡು ಕಟ್ತೀವಿ. ಡೇರೆಯ ಬೀಜ ಹಾಕಿದರೆ ಯಾವ ಬಣ್ಣ ಬರುತ್ತೋ ಹೇಳೋಕಾಗಲ್ಲ, ಆದರೆ ಗಡ್ಡೆಯಿಂದ ಬಂದದ್ದು ತಾಯಿಯದೇ ತುಂಡು, ಅದೇ ಬಣ್ಣ. ಹಾಗಾಗಿ ಇಪ್ಪತ್ತು ವರ್ಷದ ಹಿಂದೆ ಅಮ್ಮ ಯಾರಿಗೋ ಕಾಗದದಲ್ಲಿ ಸುತ್ತಿ ಕೊಟ್ಟ ಗಿಡವೇ ಈಗ ವಾಪಸ್ ಬಂದು ನಿಂತಿದೆ ಅಂದರೆ ತಪ್ಪಲ್ಲ. ಶೃಂಗೇರಿಯದು ಬಂದಿದೆ. ತವರಿನ ಹಳದಿ ಕೊಳೆಯದೆ ಉಳಿದವುಗಳಲ್ಲೇ ಇತ್ತು. ಕದ್ದ ಕಡುಕೆಂಪು ಯಾರಿಗೂ ಕೊಟ್ಟಿರಲಿಲ್ಲವಂತೆ, ಅದು ಹೋಯಿತು. ಇನ್ನೆರಡು ಯಾವುದು ಅಂತ ಕೇಳಿದೆ, ಅಮ್ಮ ಹೇಳಲಿಲ್ಲ.

'ಅವತ್ತು ಇಲ್ಲಿ ಬೇಡ ಅಂತ ಹೇಳಬಹುದಿತ್ತಲ್ಲ ನೀನು' ಅಂದೆ ಸ್ವಲ್ಪ ಹೊತ್ತು ಬಿಟ್ಟು.

'ಹೇಳಿದ್ನಲ. ಎರಡು ಹೆಜ್ಜೆ ಆಚೆ ಅಂತ.'

ಸಿಟ್ಟಿನಿಂದ ಹೇಳಿದ್ದರೆ ಏನಾದರೂ ಉತ್ತರ ಕೊಡ್ತಿದ್ದೆನೋ ಏನೋ. ಅಮ್ಮ ಹೂಬತ್ತಿ ಹೊಸೆಯುತ್ತಾ ಹೇಳಿದಳು. ನನ್ನ ಆಫೀಸಲ್ಲಿ ಯಾರಾದರೂ ಮೆಲ್ಲಗೆ ಒಂದು ಕಾಮೆಂಟ್ ಹಾಕಿದರೂ ಮೂರು ಮೀಟಿಂಗ್ ಕರೆದು ಚರ್ಚೆ ಮಾಡ್ತೀವಿ. ಇಲ್ಲಿ ದುಡ್ಡು ನಂದು ಅಂತ ಯಾರೂ ಎರಡನೇ ಸಲ ಮಾತಾಡಿರಲಿಲ್ಲ, ನಾನು ಮೊದಲನೇ ಸಲವೇ ಕೇಳಿಸಿಕೊಂಡಿರಲಿಲ್ಲ.

'ಆದರೂ ಜಗುಲಿ ಚೆನ್ನಾಗಾಗಿದೆ ಮಾರಾಯ' ಅಂದಳು ಅವಳೇ. 'ಮಳೇಲೂ ಇಲ್ಲಿ ಕೂತು ಗಿಡ ನೋಡ್ತಾ ಇರಬಹುದು. ಮೊದಲು ಛತ್ರಿ ಹಿಡ್ಕಂಡು ಹೋಗಿ ನೋಡ್ತಿದ್ದೆ.' ನನ್ನ ಸಮಾಧಾನಕ್ಕೆ ಹೇಳಿದ್ದಲ್ಲ. ಸಂಜೆ ಹೊತ್ತು ಅವಳು, ಅಪ್ಪ, ಅಜ್ಜಿ ಮೂವರೂ ಇಲ್ಲೇ ಕೂರ್ತಾರೆ ಅನ್ನೋದು ಕಟ್ಟೆ ಮೇಲಿನ ಎಲೆ ಅಡಿಕೆ ತಟ್ಟೆ, ಅಪ್ಪನ ಕನ್ನಡಕದ ಪೆಟ್ಟಿಗೆ ನೋಡಿದರೇ ಗೊತ್ತಾಗ್ತಿತ್ತು.

ಹೊಸ ಪಾತಿಯ ನಡುವೆ ಒಂದು ಕಬ್ಬಿಣದ ಕಂಬ ಇದೆ. ಫೈಬರ್ ಕೇಬಲ್ ಮನೆಗೆ ಬರುವ ಕಂಬ. ಅದೂ ನನ್ನದೇ ಪ್ಲಾನು. ಅಮ್ಮ ಅದನ್ನೇ ನೋಡ್ತಾ, 'ಇದೊಂದು ಎರಡು ಹೆಜ್ಜೆ ಆಚೆ ಆಗ್ತದನಾ?' ಅಂದಳು.

ಈ ಸಲ ಪ್ಲಾನ್ ತೆಗೆಯಲಿಲ್ಲ. ಅಪ್ಪನ್ನ ಎಬ್ಬಿಸಿ, ಹಾರೆ ಗುದ್ದಲಿ ತಗೊಂಡು ಇಳಿದೆವು. ನಾಲ್ಕು ಗುದ್ದಲಿ ಹಾಕುವಷ್ಟರಲ್ಲಿ ಮತ್ತೆ ಮಳೆ ಹಿಡಿಯಿತು. ಕಂಬದ ಬುಡಕ್ಕೆ ಮೇಸ್ತ್ರಿ ಹಾಕಿದ್ದ ಕಾಂಕ್ರೀಟು ಅಲ್ಲಾಡಬೇಕಾದರೆ ಒಂದು ಗಂಟೆ ಆಯ್ತು. ಅಜ್ಜಿ ಎದ್ದು ಕಿಟಕಿಯಿಂದ, 'ತಮ್ಮಾ, ಡೇರೆ ಮೆಟ್ಬೇಡ್ರೋ' ಅಂತ ಕೂಗ್ತಾ ಇದ್ದಳು. ಕಂಬವನ್ನ ಕೊಟ್ಟಿಗೆ ಬದಿಗೆ ನೆಟ್ಟು ಕಲ್ಲು ಜಡಿದಾಗ ಕತ್ತಲಾಗಿತ್ತು, ಎಳೆದಾಟದಲ್ಲಿ ಕೇಬಲ್ಲು ಕಿತ್ತು ಹೋಗಿತ್ತು. ಕೇಬಲ್ಲಿನವನಿಗೆ ಫೋನ್ ಮಾಡಿದರೆ, ಇಷ್ಟು ಮಳೆಯಲ್ಲಿ ಆಗಲ್ಲ, ಬುಧವಾರ ನೋಡೋಣ ಅಂದ.

ಉಪ್ಪರಿಗೆಯ ಹಳೇ ಕಿಟಕಿಗೆ ಹೋಗಿ ಒಂದು ಕಡ್ಡಿ ಸಿಗ್ನಲ್ ಹಿಡಿದು ಮ್ಯಾನೇಜರಿಗೆ ಮೆಸೇಜ್ ಕಳಿಸಿದೆ. ಊರಲ್ಲಿ ವಿಪರೀತ ಮಳೆ, ಇಂಟರ್ನೆಟ್ ಇಲ್ಲ, ಮಂಗಳವಾರದವರೆಗೆ ರಜೆ.