ಪೆಟ್ಟಿಗೆಗಳ ದ್ವೀಪ

ಕೆನಡಾದ ಪೂರ್ವ ತುದಿಯ ನ್ಯೂಫೌಂಡ್‌ಲೆಂಡಿನಲ್ಲಿ ಫಾರ್ಚೂನ್ ಎಂಬ ರೇವು ಇದೆ. ‘ಭಾಗ್ಯ’ ಎಂದು ಕನ್ನಡಿಸಬಹುದಾದ ಆ ಊರಿನಲ್ಲಿ ಹಡಗು ಹತ್ತಿದ ನಮಗೆ, ಒಂದೂವರೆ ಗಂಟೆಯ ಪಯಣದ ಬಳಿಕ, ಮಂಜು ಕವಿದ ಕಡಲ ನಡುವೆ ಫ್ರಾನ್ಸ್ ದೇಶವೇ ಎದುರಾಯಿತು! 1763ರ ಪ್ಯಾರಿಸ್ ಒಪ್ಪಂದದಲ್ಲಿ ಕೆನಡಾವನ್ನು ಕಳೆದುಕೊಂಡ ಫ್ರೆಂಚರಿಗೆ ಮೀನುಗಾರಿಕೆಯ ನೆಲೆಗಳಾಗಿ ಉಳಿದವು ಈ ಸೇಂಟ್ ಪಿಯರ್ ಮತ್ತು ನೆರೆಯ ಮಿಕೆಲಾನ್ ದ್ವೀಪಗಳು. ಸೇಂಟ್ ಪಿಯರಿನ ವಿಸ್ತೀರ್ಣ ಕೇವಲ 26 ಚದರ ಕಿಲೋಮೀಟರು. ಎಲ್ಲೆಲ್ಲೂ ಬಂಡೆ, ಮರಗಳಾದರೋ ಆಳೆತ್ತರವನ್ನು ಮೀರುವುದೇ ಕಷ್ಟ. ಕಾಡ್ ಮೀನನ್ನು ಉಪ್ಪು ಹಾಕಿ ಒಣಗಿಸಿ ಮಾರುವುದು ಇಲ್ಲಿಯವರ ತಲೆತಲಾಂತರದ ಕಸುಬಾಗಿತ್ತು.

1920ರ ಜನವರಿಯಲ್ಲಿ ಅಮೆರಿಕದಲ್ಲಿ ಪಾನನಿರೋಧ ಜಾರಿಗೆ ಬಂದಿತು. ಕೆಲವೇ ವರ್ಷಗಳಲ್ಲಿ ಕೆನಡಾದ ವಿಸ್ಕಿ, ಸ್ಕಾಟ್ಲೆಂಡಿನ ವಿಸ್ಕಿ, ಫ್ರಾನ್ಸಿನ ಶಾಂಪೇನ್ ಎಲ್ಲವೂ ಈ ಬಂದರಿನಲ್ಲಿ ಬಂದಿಳಿಯತೊಡಗಿದವು. ಸ್ವಾರಸ್ಯವೆಂದರೆ, ದ್ವೀಪದವರು ಯಾವ ಕಾನೂನನ್ನೂ ಮುರಿಯಬೇಕಾಗಿರಲಿಲ್ಲ. ಕೆನಡಾದ ಮದ್ಯ ತಯಾರಕರಿಗೆ ಬೇಕಾಗಿದ್ದುದು, ಸರಕು ಪರದೇಶದಲ್ಲಿ ಇಳಿಯಿತೆಂಬ ಒಂದು ಕಾಗದ. ಅದು ಇಲ್ಲಿ ದೊರೆಯುತ್ತಿತ್ತು. ಸುಂಕ ತೆತ್ತ ಸರಕು ಹಾಡುಹಗಲಿನಲ್ಲೇ ಮತ್ತೆ ಹಡಗೇರುತ್ತಿತ್ತು. ಕಳ್ಳಸಾಗಣೆ ಆರಂಭವಾಗುತ್ತಿದ್ದುದು ದೂರದ ಅಮೆರಿಕದ ಕರಾವಳಿಯಲ್ಲಿ. ಕಾನೂನಿನ ಗಡಿಯಾಚೆ ಸಾಲುಗಟ್ಟಿ ನಿಂತ ಹಡಗುಗಳಿಂದ ರಾತ್ರಿಯ ಹೊತ್ತು ಮೋಟಾರು ದೋಣಿಗಳು ಮಾಲನ್ನು ದಡಕ್ಕೆ ಸೇರಿಸುತ್ತಿದ್ದವು.

ಮೀನಿನ ಕೊಠಾರಗಳು ಮದ್ಯದ ಉಗ್ರಾಣಗಳಾದವು. ಬೆಸ್ತರು ಗಾಳವನ್ನು ಮೂಲೆಗಿಟ್ಟು ಹೊರೆ ಹೊರಲು ಬಂದರು. ಮರದ ಪೆಟ್ಟಿಗೆ ಹಡಗಿನಲ್ಲಿ ಜಾಗ ತಿನ್ನುತ್ತದೆ, ಸದ್ದನ್ನೂ ಮಾಡುತ್ತದೆ. ಆದುದರಿಂದ ಬಾಟಲಿಗಳನ್ನು ಹೊರತೆಗೆದು, ಹುಲ್ಲು ಸುತ್ತಿ, ಗೋಣಿಯಲ್ಲಿಟ್ಟು ಹೊಲಿಯುತ್ತಿದ್ದರು. (ಆ ಕಾಲದಲ್ಲಿ ಜಗತ್ತಿನ ಸೆಣಬು ಬಹುಮಟ್ಟಿಗೆ ಬಂಗಾಳದ್ದೇ. ನಮ್ಮ ರೈತ ಬೆಳೆದ ನಾರು ಎಂತೆಂಥ ಕೆಲಸಕ್ಕೆ ಒದಗಿತೋ!) ಬರಿದಾದ ಪೆಟ್ಟಿಗೆಗಳು ಮರವಿಲ್ಲದ ಊರಿಗೆ ಸೌದೆಯಾದವು, ಗೋಡೆಯಾದವು. ಹಾಗೆ ಕಟ್ಟಿದ ಮನೆಯೊಂದಕ್ಕೆ ವಿಸ್ಕಿಯ ಹೆಸರೇ ಅಂಟಿ ‘ವಿಲ್ಲಾ ಕಟಿ ಸಾರ್ಕ್’ ಎಂದಾಯಿತು.

ಹಾಗಾದರೆ ಭಾಗ್ಯ ಯಾರ ಪಾಲಾಯಿತು? ಮಾಂಟ್ರಿಯಲಿನ ಬ್ರಾನ್ಫ್‌ಮನ್ ಸಹೋದರರು 1928ರಲ್ಲಿ ಸೀಗ್ರಾಮ್ ಕಂಪನಿಯನ್ನೇ ಕೊಂಡರು. 1934ರಲ್ಲಿ ಕೆನಡಾ ಸರ್ಕಾರ ಅವರ ಮೇಲೆ ಕಳ್ಳಸಾಗಣೆಯ ಮೊಕದ್ದಮೆ ಹೂಡಿತು. ಮರುವರ್ಷ ಅದು ಬಿದ್ದುಹೋಯಿತು. ಮುಂದೆ ಅವರ ಸಂಸ್ಥೆ ಮದ್ಯದ ವ್ಯಾಪಾರದಲ್ಲಿ ಲೋಕಪ್ರಸಿದ್ಧವಾಯಿತು. ದ್ವೀಪದವರಿಗೆ ದಕ್ಕಿದ್ದು ಕೂಲಿ, ಒಂದಿಷ್ಟು ಸುಂಕ ಮತ್ತು ಆ ಪೆಟ್ಟಿಗೆಗಳು. 1933ರ ಡಿಸೆಂಬರ್ 5ರಂದು ಅಮೆರಿಕ ಪಾನನಿರೋಧವನ್ನು ರದ್ದುಗೊಳಿಸಿದಾಗ ಇಲ್ಲಿನ ಉಗ್ರಾಣಗಳು ಬರಿದಾದವು. ಕೈಬಿಟ್ಟಿದ್ದ ಮೀನಿನ ಕಸುಬಿಗೆ ಮರಳೋಣವೆಂದರೆ ಅದೂ ಅಷ್ಟರಲ್ಲಿ ಸೊರಗಿತ್ತು.

ಬಂದರಿನ ಅಂಚಿನಲ್ಲಿ ಬೆಸ್ತರ ಬಣ್ಣಬಣ್ಣದ ಮರದ ಗುಡಿಸಲುಗಳ ಸಾಲು ಇಂದಿಗೂ ಇದೆ. ಅದಕ್ಕೆ ‘ಉಪ್ಪಿನ ಮನೆಗಳು’ ಎಂಬರ್ಥದ ಫ್ರೆಂಚ್ ಹೆಸರು. ಅಲ್ಲಿ ಬಹಳ ಹೊತ್ತು ನಿಂತಿದ್ದು ಹಡಗಿಗೆ ಮರಳಿದೆ. ಫಾರ್ಚೂನಿನ ಕಟ್ಟೆಯಲ್ಲಿ ಸುಂಕದ ಅಧಿಕಾರಿ ನನ್ನ ಚೀಲವನ್ನು ನೋಡಿ, ಬಾಟಲಿಗಳೆಷ್ಟು ಎಂದು ಕೇಳಿದ. ಬಿಸ್ಕತ್ತಿನ ಪೊಟ್ಟಣವೊಂದನ್ನು ತೆಗೆದು ತೋರಿಸಿದೆ. ಅವನಿಗೆ ನಂಬಿಕೆ ಬಂದಂತೆ ಕಾಣಲಿಲ್ಲ.