ಮೊಹರಿನ ಚೀಲ

ಊರಿನ ತಿಪ್ಪೆಗೆ ಬಿದ್ದದ್ದೆಲ್ಲ ಮುಂಗಾರಿಗೆ ಗೊಬ್ಬರ. ಇಲ್ಲಿ ದೆಹಲಿಯ ಅಂಗಡಿಯವನು ಪ್ಲಾಸ್ಟಿಕ್ಕಿನಂಥದೇ ಚೀಲ ಕೊಟ್ಟು, 'ಇದೂ ಗೊಬ್ಬರವಾಗುತ್ತದೆ' ಎನ್ನುತ್ತಾನೆ. ಮೊಹರಿಲ್ಲದ ಕಾಗದವನ್ನೇ ನಂಬದ ಗುಮಾಸ್ತರು ನಾವು; ಚೀಲವನ್ನು ನಂಬುತ್ತೇವೆಯೇ? ಅದಕ್ಕೂ ಪರೀಕ್ಷೆಯುಂಟು.

ಐಎಸ್‌ಒ 17088ರಂತೆ, ಸುಮಾರು 58 ಡಿಗ್ರಿ ಬಿಸಿಯ ಗೊಬ್ಬರದಲ್ಲಿ 180 ದಿನಗಳೊಳಗೆ ಅದರ ಇಂಗಾಲದ ಶೇಕಡಾ 90ರಷ್ಟು ಅನಿಲವಾಗಬೇಕು. 12 ವಾರಗಳಲ್ಲಿ 2 ಮಿ.ಮೀ. ಜರಡಿಯ ಮೇಲೆ ಶೇಕಡಾ 10ಕ್ಕಿಂತ ಹೆಚ್ಚು ಉಳಿಯಬಾರದು. ಸೀಸ, ಪಾದರಸ ಮಿತಿಯಲ್ಲಿರಬೇಕು. ಆ ಗೊಬ್ಬರದಲ್ಲಿ ಬೀಜ ಮೊಳೆಯಬೇಕು. ಆಮೇಲೆಯೇ ತಯಾರಕನಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ.

ಆದರೆ ನಮ್ಮ ಬಾಲ್ಕನಿಯ ಕುಂಡಕ್ಕೆ ಅಷ್ಟು ಬಿಸಿ ಎಲ್ಲಿಯದು? ಘಾಜೀಪುರದ ಕಸದ ಗುಡ್ಡ ಸೇರಿದರೆ ಮೊಹರಿಗೂ ಬೆಲೆಯಿಲ್ಲ. ಮೊಹರನ್ನು ನೋಡೋಣ, ಹಸಿಕಸ ಬೇರ್ಪಡಿಸೋಣ, ಸಂತೆಗೆ ಹೊರಟಾಗ ಮಾತ್ರ ಅಮ್ಮನ ಬಟ್ಟೆಚೀಲವನ್ನೇ ಹಿಡಿಯೋಣ.